ಬಾಳೆಹೂವಿನ ಪಲ್ಯ: ಒಗರು ಬಿಡಿಸುವ ಬಗೆ

ಬಾಳೆಹೂವಿನ ಪಲ್ಯ ರುಚಿಯಾಗುವುದೂ ಕೆಡುವುದೂ ಹೂ ಬಿಡಿಸುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ಒಗರೆಂದು ದೂರುವವರು ಸಾಮಾನ್ಯವಾಗಿ ಈ ಕೆಲಸದಲ್ಲಿ ಅವಸರ ಮಾಡಿರುತ್ತಾರೆ.

ಗೊನೆಯ ಕೊನೆಯ ಚಿಪ್ಪು ಬಿಚ್ಚಿಕೊಂಡ ಮೇಲೆ, ಅದರ ಕೆಳಗೆ ಗೇಣುದ್ದ ದಂಟು ಬಿಟ್ಟು ಹೂ ಕೊಯ್ಯುತ್ತೇನೆ. ಕಾಯಿ ತುಂಬುವುದಕ್ಕೂ ಇದು ಒಳ್ಳೆಯದು. ಕೊಳ್ಳುವುದಾದರೆ ಎಸಳು ಬಿಗಿಯಾಗಿರುವ, ಕೈಗೆ ಭಾರವೆನಿಸುವ ಹೂವೇ ಬೇಕು.

ಮೊದಲು ಅಂಗೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಸೊನೆ ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ. 1 ಲೀಟರ್ ನೀರಿಗೆ ಅರ್ಧ ಲೋಟ ಹುಳಿ ಮಜ್ಜಿಗೆ, ಅರ್ಧ ಚಮಚ ಉಪ್ಪು ಬೆರೆಸಿ ಪಕ್ಕದಲ್ಲಿಡಿ. ಹೊರಗಿನ ಕೆಂಪು ಎಸಳುಗಳನ್ನು ಬಿಳಿ ತಿರುಳು ಕಾಣುವವರೆಗೆ ತೆಗೆಯಿರಿ. ಪ್ರತಿ ಎಸಳಿನಡಿಯ ಹೂಗಳಿಂದ ತುದಿ ಗುಂಡಗಿರುವ ಗಟ್ಟಿ ಕಡ್ಡಿಯನ್ನೂ ಬುಡದಲ್ಲಿರುವ ಗಾಜಿನಂಥ ತೆಳು ಪೊರೆಯನ್ನೂ ಕಿತ್ತು ಹಾಕಬೇಕು. ಎಷ್ಟು ಬೇಯಿಸಿದರೂ ಇವೆರಡು ಮೆತ್ತಗಾಗುವುದಿಲ್ಲ, ಹಲ್ಲಿಗೆ ಸಿಗುತ್ತವೆ. ಒಳಗಿನ ಎಳೆಯ ಹೂಗಳಿಗೆ ಈ ಕಷ್ಟವಿಲ್ಲ.

ಸಣ್ಣಗೆ ಹೆಚ್ಚಿದಂತೆಲ್ಲ ಮಜ್ಜಿಗೆ ನೀರಿಗೆ ಹಾಕುತ್ತಾ ಹೋಗಿ. ಗಾಳಿಗೆ ಬಿಟ್ಟರೆ ನಿಮಿಷಗಳಲ್ಲಿ ಕಪ್ಪಾಗುತ್ತದೆ. ಮಜ್ಜಿಗೆಯ ಹುಳಿ ಅದನ್ನು ತಡೆಯುತ್ತದೆ, ಅದರ ಪ್ರೋಟೀನು ಒಗರಿಗೆ ಕಾರಣವಾದ ಟ್ಯಾನಿನ್ ಅನ್ನು ಹಿಡಿದುಕೊಳ್ಳುತ್ತದೆ. ಕೋಲಿನಿಂದ ನೀರು ತಿರುವಿದರೆ ನೂಲಿನಂಥ ನಾರು ಸುತ್ತಿಕೊಂಡು ಬರುತ್ತದೆ. ಕನಿಷ್ಠ 2 ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ನೆನೆಸಿ. ನಂತರ ಗಟ್ಟಿಯಾಗಿ ಹಿಂಡಬೇಕು. ಹಿಂಡುವುದನ್ನು ತಪ್ಪಿಸಿದರೆ ನೆನೆಸಿದ್ದೆಲ್ಲ ವ್ಯರ್ಥ.

ಎರಡು ಲೋಟ ಹೆಚ್ಚಿದ ಹೂವಿಗೆ 2 ಚಮಚ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, 1 ಚಮಚ ಉದ್ದಿನಬೇಳೆ, ಕರಿಬೇವಿನ ಒಗ್ಗರಣೆ. ಅರ್ಧ ಗಂಟೆ ನೆನೆದ 3 ಚಮಚ ಹೆಸರುಬೇಳೆ, ಅರಿಸಿನ, ಗೋಲಿ ಗಾತ್ರದ ಹುಣಸೆಯ ರಸ, ಅಷ್ಟೇ ಬೆಲ್ಲ, ಉಪ್ಪು, ಕಾಲು ಲೋಟ ನೀರು ಸೇರಿಸಿ ಮುಚ್ಚಿ, ಸಣ್ಣ ಉರಿಯಲ್ಲಿ 15 ನಿಮಿಷ ಬೇಯಿಸಿ. ಕೊನೆಗೆ ಅರ್ಧ ಲೋಟ ತೆಂಗಿನತುರಿ, 2 ಒಣಮೆಣಸು, ಕಾಲು ಚಮಚ ಸಾಸಿವೆ ತರಿತರಿಯಾಗಿ ರುಬ್ಬಿ ಹಾಕಿ ನೀರು ಆರಿಸಿ. ಕಬ್ಬಿಣದ ಬಾಣಲೆ ಬೇಡ. ಟ್ಯಾನಿನ್ ಕಬ್ಬಿಣಕ್ಕೆ ಸೇರಿದರೆ ಪಲ್ಯ ಮಸಿಬಣ್ಣಕ್ಕೆ ತಿರುಗುತ್ತದೆ. ನೆನೆಸಿದಾಗ ಉಪ್ಪು ಹಿಡಿದಿರುತ್ತದೆ, ರುಚಿ ನೋಡಿಯೇ ಮತ್ತೆ ಹಾಕಿ.

ನಾರಿನಂಶ, ಪೊಟ್ಯಾಸಿಯಂ ಚೆನ್ನಾಗಿರುವುದರಿಂದ ಮಲಬದ್ಧತೆಗೆ ಒಳ್ಳೆಯ ಅಡುಗೆ. ಮುಟ್ಟಿನ ಸ್ರಾವ ಹೆಚ್ಚಾದಾಗ ಮೊಸರಿನೊಂದಿಗೆ ಕೊಡುವ ರೂಢಿಯೂ ಇದೆ. ಆದರೆ ಸ್ರಾವ ನಿಲ್ಲದಿದ್ದರೆ ವೈದ್ಯರನ್ನೇ ಕಾಣಬೇಕು. ರಕ್ತ ಹೆಚ್ಚಿಸುತ್ತದೆಂಬ ಮಾತನ್ನು ನಾನು ಒಪ್ಪುವುದಿಲ್ಲ, ಉಳಿದ ಟ್ಯಾನಿನ್ ಕಬ್ಬಿಣಾಂಶ ಹೀರುವುದನ್ನು ಕಡಿಮೆ ಮಾಡುತ್ತದೆ. ಸಕ್ಕರೆ ಕಾಯಿಲೆಯವರು ಧಾರಾಳವಾಗಿ ತಿನ್ನಲಿ, ಮಾತ್ರೆ ಮಾತ್ರ ಬಿಡಬಾರದು. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಪಥ್ಯದಲ್ಲಿರುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು.