ಒಬೆಕ್ಸ್ ಒಂದೇ ಸಾಲದು, ಕಿರುಮಿದುಳೂ ಬೇಕು

ಕಳೆದ ಮಳೆಗಾಲದಲ್ಲಿ ಹೊಸನಗರದ ಕಡೆಯ ಕೊಟ್ಟಿಗೆಯೊಂದರಲ್ಲಿ ಹದಿನಾಲ್ಕು ವರ್ಷದ ಮಲೆನಾಡು ಗಿಡ್ಡ ಹಸು ಸತ್ತಿತು. ನಾಲ್ಕು ದಿನ ಜೊಲ್ಲು ಸುರಿಸಿತ್ತು, ಹಿಂಗಾಲು ಎಳೆಯುತ್ತಿತ್ತು, ಮುಟ್ಟಿದರೆ ಬೆಚ್ಚುತ್ತಿತ್ತು. ಇಂಥದ್ದನ್ನು ಕಂಡರೆ ನನ್ನ ಮೊದಲ ಅನುಮಾನ ರೇಬೀಸ್. ಮನೆಯವರನ್ನು ಅಂದೇ ಲಸಿಕೆಗೆ ಕಳುಹಿಸಿದೆ. ಆದರೂ ಮಿದುಳು ತೆಗೆಯುವಾಗ ಪ್ರಿಯಾನ್ (ಹುಚ್ಚು ಹಸು ರೋಗದಂಥವನ್ನು ತರುವ, ತಪ್ಪಾಗಿ ಮಡಿಸಿಕೊಂಡ ಪ್ರೋಟೀನ್) ಪರೀಕ್ಷೆಗೂ ಒಂದು ಪಾಲು ಎತ್ತಿಡುವುದು ನನ್ನ ರೂಢಿ.

ತಲೆಯನ್ನು ಕತ್ತಿನ ಮೊದಲ ಕೀಲಿನಲ್ಲಿ ಬಿಡಿಸಿ, ಗದ್ದ ಮೇಲಾಗುವಂತೆ ಇಟ್ಟು, ಬುರುಡೆಯ ಹಿಂದಿನ ರಂಧ್ರದೊಳಗೆ ಉದ್ದ ಹಿಡಿಯ ಚಮಚ ತೂರಿಸುತ್ತೇನೆ. ಸುತ್ತಲಿನ ನರಗಳನ್ನು ಕತ್ತರಿಸಿ ಮೆಲ್ಲಗೆ ಎಳೆದರೆ ಮಿದುಳುಕಾಂಡ ಜಾರಿ ಬರುತ್ತದೆ. ಅದರ ಮೇಲೆ ಇಂಗ್ಲಿಷಿನ ವಿ ಅಕ್ಷರದಂತೆ ಕಾಣುವ ಜಾಗವೇ ಒಬೆಕ್ಸ್. ಅದನ್ನು ನಟ್ಟನಡುವೆ ಉದ್ದಕ್ಕೆ ಸೀಳಿ ಅರ್ಧವನ್ನು ಐಸ್ ಪೆಟ್ಟಿಗೆಗೆ, ಅರ್ಧವನ್ನು ಅಂಗಾಂಶ ಕೆಡದಂತೆ ಕಾಯುವ ಶೇಕಡಾ 10ರ ಫಾರ್ಮಲಿನ್‌ಗೆ ಹಾಕುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಡೀ ತುಂಡನ್ನೇ ಫಾರ್ಮಲಿನ್‌ನಲ್ಲಿ ಮುಳುಗಿಸಿಬಿಟ್ಟಿದ್ದೆ. ರೋಗ ಇದೆಯೇ ಎಂದು ಅದರಲ್ಲಿ ನೋಡಬಹುದು. ಪ್ರಿಯಾನಿನ ತಳಿ ಯಾವುದೆಂದು ಓದಲು ಹಸಿ ತುಂಡೇ ಬೇಕು.

ಜೀನುಗಳೇ ಇಲ್ಲದ ರೋಗಾಣುವಿಗೆ ತಳಿ ಎಲ್ಲಿಂದ ಬಂತು? ಆ ಮನೆಯ ಹುಡುಗ ಕೇಳಿದ್ದೂ ಇದನ್ನೇ. ಅಂಗಳದಲ್ಲಿ ಬಿದ್ದಿದ್ದ ಅಡಿಕೆ ಹಾಳೆ ತೋರಿಸಿದೆ: ಮಡಿಸುವ ರೀತಿಯಲ್ಲಿ ಅದೇ ಹಾಳೆ ಟೋಪಿಯೂ ಆಗುತ್ತದೆ, ದೊನ್ನೆಯೂ ಆಗುತ್ತದೆ. ಪ್ರಿಯಾನ್ ಪ್ರೋಟೀನೂ ಹಾಗೆಯೇ, ಒಂದೇ ಸರಪಳಿಗೆ ಹಲವು ಮಡಿಕೆ. ವ್ಯತ್ಯಾಸವೆಂದರೆ, ಕೆಟ್ಟ ಮಡಿಕೆ ಪಕ್ಕದ ಒಳ್ಳೆಯ ಪ್ರೋಟೀನನ್ನೂ ತನ್ನಂತೆ ಮಡಿಸುತ್ತ ಹೋಗುತ್ತದೆ. ಪ್ರೋಟೀನೇಸ್ ಕೆ ಎಂಬ ಕಿಣ್ವ ಒಳ್ಳೆಯದನ್ನು ಪೂರ್ತಿ ಜೀರ್ಣಿಸುತ್ತದೆ, ಕೆಟ್ಟದ್ದರಲ್ಲಿ ತಿರುಳು ಉಳಿಯುತ್ತದೆ. ಉಳಿದ ತಿರುಳಿನ ತೂಕ ಮಡಿಕೆಗೆ ತಕ್ಕಂತೆ ಬೇರೆ. ಹಸುಗಳಲ್ಲಿ ಎಚ್ ಮತ್ತು ಎಲ್ ಎಂಬ ಅಪರೂಪದ ತಳಿಗಳಿಗೆ ಹೆಸರು ಬಂದದ್ದು ಈ ಹೆಚ್ಚು–ಕಡಿಮೆ ತೂಕದಿಂದಲೇ. ಅವು ಕಾಣಿಸುವುದು ಬಹುಪಾಲು ವಯಸ್ಸಾದ ದನಗಳಲ್ಲಿ. ನಮ್ಮಲ್ಲಿ ಮುದಿ ಹಸುಗಳನ್ನು ಕೊನೆಯವರೆಗೂ ಸಾಕುವುದರಿಂದ ನಾನು ಇದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 1996ರಲ್ಲಿ ಬ್ರಿಟನ್ನಿನಲ್ಲಿ ಗುರುತಿಸಿದ, ಮನುಷ್ಯರ ಮಿದುಳನ್ನು ಕೆಡಿಸುವ ಹೊಸ ಬಗೆಯ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ರೋಗಕ್ಕೂ ಹುಚ್ಚು ಹಸು ರೋಗಕ್ಕೂ ನಂಟಿದೆ ಎಂಬುದಕ್ಕೆ ಇಂಥ ಗುರುತುಗಳ ಹೋಲಿಕೆಯೂ ಒಂದು ಸಾಕ್ಷಿ.

ಕುರಿಗಳಲ್ಲಂತೂ ಕಿರುಮಿದುಳನ್ನು ಬಿಡುವಂತೆಯೇ ಇಲ್ಲ. ನಾರ್ವೆಯಲ್ಲಿ 1998ರಲ್ಲಿ ಪತ್ತೆಯಾದ ಸ್ಕ್ರೇಪಿ (ಕುರಿಗಳ ಪ್ರಿಯಾನ್ ರೋಗ) ತಳಿ ಒಬೆಕ್ಸ್‌ಗಿಂತ ಕಿರುಮಿದುಳಿನಲ್ಲೇ ಹೆಚ್ಚು ಸಿಗುತ್ತದೆ. ಒಬೆಕ್ಸ್ ಒಂದನ್ನೇ ಕಳುಹಿಸಿದವರಿಗೆ ಅದು ತಪ್ಪಿಹೋಗಬಹುದು.

ಫಾರ್ಮಲಿನ್ ಪ್ರಿಯಾನನ್ನು ನಾಶ ಮಾಡುವುದಿಲ್ಲ. ಚಮಚ, ಕತ್ತರಿಗಳನ್ನು ಲೀಟರಿಗೆ 40 ಗ್ರಾಂ ಕಾಸ್ಟಿಕ್ ಸೋಡಾ ಬೆರೆಸಿದ ನೀರಿನಲ್ಲಿ ಒಂದು ಗಂಟೆ ನೆನೆಸಿದೆ.

ವರದಿಯಲ್ಲಿ ರೇಬೀಸ್ ಎಂದೇ ಬಂತು. ಮನೆಯವರಿಗೆ ಆ ಹೊತ್ತಿಗೆ ಎರಡು ಡೋಸ್ ಲಸಿಕೆ ಆಗಿತ್ತು.