ಗ್ಲೈಡರ್ ರೆಕ್ಕೆ: ಮೊದಲು ಸ್ಪಾರ್, ಆಮೇಲೆ ಉಳಿದದ್ದು

ಬಾಲ್ಸಾ ಮರದಲ್ಲಿ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ಗ್ಲೈಡರ್ ರೆಕ್ಕೆ ಕಟ್ಟಲು ಹೊರಟವರು ಮೊದಲು ಏರ್‌ಫಾಯಿಲ್ (ರೆಕ್ಕೆಯನ್ನು ಅಡ್ಡ ಕತ್ತರಿಸಿದಾಗ ಕಾಣುವ ಆಕಾರ) ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ಎಸ್‌ಡಿ 7037 ಚೆನ್ನಾಗಿದೆಯಾ, ಮಾರ್ಕ್ ಡ್ರೆಲಾ ರೂಪಿಸಿದ ಎಜಿ 35 ಚೆನ್ನಾಗಿದೆಯಾ? ಎರಡೂ ಒಳ್ಳೆಯವೇ. ನಾನು ಮಾತ್ರ ಯಾವುದೇ ಪ್ಲ್ಯಾನ್ ಕೈಗೆ ಬಂದರೂ ಮೊದಲು ಸ್ಪಾರ್ (ರೆಕ್ಕೆಯ ಬುಡದಿಂದ ತುದಿಗೆ ಹೋಗುವ, ಹೊರೆ ಹೊರುವ ಮುಖ್ಯ ತೊಲೆ) ನೋಡುತ್ತೇನೆ. ಹಳೆಯ ರೆಕ್ಕೆಯನ್ನು ಬದಲಾಯಿಸುವಾಗಲೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಒಂದು ಸಣ್ಣ ಲೆಕ್ಕ ಹಾಕೋಣ. ತುದಿಯಿಂದ ತುದಿಗೆ 2 ಮೀಟರ್ ರೆಕ್ಕೆ, ಇಡೀ ಮಾಡೆಲ್ 900 ಗ್ರಾಂ. ಮೇಲೇರಿಸಲು ಹೈ-ಸ್ಟಾರ್ಟ್ ರಬ್ಬರಿನಲ್ಲೋ (ಹಿಗ್ಗಿಸಿ ಬಿಡುವ ಉದ್ದನೆಯ ರಬ್ಬರ್) ವಿಂಚಿನಲ್ಲೋ (ಹಗ್ಗ ಸುತ್ತಿ ಎಳೆಯುವ ಮೋಟಾರ್) ಜೋರಾಗಿ ಎಳೆದಾಗ ರೆಕ್ಕೆಯ ಮೇಲೆ ತೂಕದ ಹತ್ತು ಪಟ್ಟು ಹೊರೆ ಬೀಳುತ್ತದೆ ಎಂದುಕೊಳ್ಳಿ. ಅಂದರೆ 9 ಕೆಜಿ, ಒಂದೊಂದು ಬದಿಗೆ 4.5 ಕೆಜಿ. ಈ ಹೊರೆ ಬುಡದಿಂದ ಸುಮಾರು 42 ಸೆಂ.ಮೀ. ದೂರದಲ್ಲಿ ಒಟ್ಟಾಗಿ ಕೂತಂತೆ ಲೆಕ್ಕ. ಮೇಲಿನ ಸ್ಪಾರ್ ಪಟ್ಟಿಗೂ ಕೆಳಗಿನ ಪಟ್ಟಿಗೂ ನಡುವೆ 18 ಮಿ.ಮೀ. ಅಂತರವಿದ್ದರೆ, 4.5 ಅನ್ನು 420ರಿಂದ ಗುಣಿಸಿ 18ರಿಂದ ಭಾಗಿಸಿ. 105 ಕೆಜಿ! ಬುಡದಲ್ಲಿ ಮೇಲಿನ ಪಟ್ಟಿ 105 ಕೆಜಿ ಒತ್ತಡ ತಡೆಯಬೇಕು, ಕೆಳಗಿನದು ಅಷ್ಟೇ ಎಳೆತ ತಡೆಯಬೇಕು.

ಒಣಗಿದ ಸ್ಪ್ರೂಸ್ ಮರ ಒತ್ತಡದಲ್ಲಿ ಚದರ ಮಿ.ಮೀ.ಗೆ 4 ಕೆಜಿ ಸುತ್ತಮುತ್ತ ತಡೆಯುತ್ತದೆ. ಎಳೆತಕ್ಕೆ ಅದೇ ಮರ ಇನ್ನೂ ಚೆನ್ನಾಗಿ ನಿಲ್ಲುತ್ತದೆ. ಹಾಗಾಗಿ ಮೊದಲು ಸೋಲುವುದು ಮೇಲಿನ ಪಟ್ಟಿಯೇ. 3×6 ಮಿ.ಮೀ. ಪಟ್ಟಿ ಈ ಹೊರೆಗೆ ಸಾಲುವುದಿಲ್ಲ. 3×10 ಹಾಕಿದರೆ ಹೇಗೋ ದಾಟುತ್ತದೆ. ನಾನು 3×10 ಹಾಕಿ, ಮೇಲಿನ ಪಟ್ಟಿಯ ಬುಡದ ಕಡೆಯ ಅರ್ಧಕ್ಕೆ ತೆಳು ಕಾರ್ಬನ್ ಪಟ್ಟಿಯನ್ನು ಎಪಾಕ್ಸಿಯಲ್ಲಿ ಅಂಟಿಸುತ್ತೇನೆ. ತುದಿಯವರೆಗೂ ಬೇಡ. ಅರ್ಧ ದೂರ ಹೋಗುವಷ್ಟರಲ್ಲಿ ಬಾಗಿಸುವ ಬಲ ಬುಡದಲ್ಲಿರುವುದರ ಕಾಲುಭಾಗಕ್ಕೆ ಇಳಿದಿರುತ್ತದೆ. ಅಲ್ಲಿಂದಾಚೆ ಮರವನ್ನೂ ಕಿರಿದು ಮಾಡುತ್ತಾ ಹೋಗಿ. ತುದಿಯಲ್ಲಿ ಉಳಿಸಿದ ಒಂದೊಂದು ಗ್ರಾಂ ಕೂಡ ಮಾಡೆಲ್ ಚುರುಕಾಗಿ ತಿರುಗಲು ನೆರವಾಗುತ್ತದೆ. ಕಾರ್ಬನ್ ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ, ಒದ್ದೆ ಮಾಡಿ ಉಜ್ಜಿ. ಆ ಪುಡಿ ಶ್ವಾಸಕೋಶಕ್ಕೆ ಹೋಗಬಾರದು.

ಪಟ್ಟಿ ಎಷ್ಟೇ ಗಟ್ಟಿಯಿರಲಿ, ನಡುವೆ ಶಿಯರ್ ವೆಬ್ (ಎರಡೂ ಪಟ್ಟಿಗಳನ್ನು ಜೋಡಿಸುವ ಗೋಡೆ) ಇಲ್ಲದಿದ್ದರೆ ಪ್ರಯೋಜನವಿಲ್ಲ. ಮೇಲಿನ ಪಟ್ಟಿ ಸುಮ್ನೆ ಮಡಚಿಕೊಂಡು ಮುರಿಯುತ್ತದೆ. ಎರಡು ರಿಬ್‌ಗಳ (ರೆಕ್ಕೆಗೆ ಆಕಾರ ಕೊಡುವ ಅಡ್ಡ ತುಂಡುಗಳ) ನಡುವಿನ ಪ್ರತಿ ಜಾಗಕ್ಕೂ ಬಾಲ್ಸಾ ತುಂಡು ಕತ್ತರಿಸಿ ಕೂರಿಸಿ. ಅದರ ನಾರು ನೆಟ್ಟಗೆ, ಅಂದರೆ ಕೆಳಗಿನ ಪಟ್ಟಿಯಿಂದ ಮೇಲಿನ ಪಟ್ಟಿಗೆ ಹೋಗುವಂತೆ ಇರಬೇಕು. ಅಡ್ಡ ನಾರಿನ ವೆಬ್ ಹಾಕುವುದು ಸುಲಭ, ಒಂದೇ ಉದ್ದದ ಪಟ್ಟಿ ಸಾಕು. ಆದರೆ ಅದು ನಾರಿನ ಗುಂಟ ಸೀಳಿಹೋಗುತ್ತದೆ. ಬುಡದಲ್ಲಿ 3 ಮಿ.ಮೀ., ಹೊರಗೆ ಹೋದಂತೆ 1.5 ಮಿ.ಮೀ. ದಪ್ಪ ಸಾಕು. ಪಟ್ಟಿಗಳ ಮುಖಕ್ಕೆ ಅಂಟಿಸುವುದಕ್ಕಿಂತ ಎರಡರ ನಡುವೆ ಬಿಗಿಯಾಗಿ ಕೂರಿಸುವುದು ನನಗೆ ಇಷ್ಟ. ಎರಡು ಅರ್ಧ ರೆಕ್ಕೆ ಜೋಡಿಸುವ ಜಾಯ್ನರ್ ರಾಡ್ ಕೂರುವ ಮೊದಲ ಕೆಲವು ಇಂಚು ಮಾತ್ರ ಪ್ಲೈವುಡ್ ವೆಬ್ ಹಾಕಿ, ಸ್ಪಾರ್ ಸುತ್ತ ಕೆವ್ಲಾರ್ ದಾರ ಸುತ್ತಿ, ಸಿಎ (ಸೂಪರ್ ಗ್ಲೂ) ಅಂಟು ಕುಡಿಸಿ. ಹಳೆಯ ರೆಕ್ಕೆಯಾದರೆ ಸ್ಪಾರ್ ಉದ್ದಕ್ಕೂ ಕೆಳಗಿನ ಫಿಲ್ಮ್ (ರೆಕ್ಕೆಯ ಹೊದಿಕೆ) ಮಾತ್ರ ಬಿಡಿಸಿದರೆ ವೆಬ್ ಕೂರಿಸುವ ಕೆಲಸ ಆಗುತ್ತದೆ. ದಾರ ಸುತ್ತುವ ಬುಡದ ಕಡೆ ಬಿಟ್ಟು ಮೇಲ್ಮೈ ಮುಟ್ಟಬೇಕಿಲ್ಲ.

ಬಾಗುವುದು ಒಂದು, ತಿರುಚುವುದು ಇನ್ನೊಂದು. ಕಾಗದವನ್ನು ಕೊಳವೆಯಂತೆ ಸುತ್ತಿ ಅಂಚು ಅಂಟಿಸದೆ ತಿರುಚಿ ನೋಡಿ, ಸಲೀಸಾಗಿ ತಿರುಗುತ್ತದೆ. ಅಂಚು ಅಂಟಿಸಿ ಮತ್ತೆ ತಿರುಚಿ, ಅಲುಗುವುದಿಲ್ಲ. ಲೀಡಿಂಗ್ ಎಡ್ಜ್‌ನಿಂದ (ಮುಂದಂಚಿನಿಂದ) ಸ್ಪಾರ್‌ವರೆಗೆ ಮೇಲೆ ಕೆಳಗೆ 1.5 ಮಿ.ಮೀ. ಬಾಲ್ಸಾ ಹಾಳೆ ಹಾಕಿ, ಹಿಂದೆ ವೆಬ್ ಮುಚ್ಚಿದಾಗ ಆಗುವ ಡಿ-ಬಾಕ್ಸ್ ಮಾಡುವುದೂ ಇದನ್ನೇ. ಇಲ್ಲಿ ಒಂದೇ ಎಚ್ಚರಿಕೆ: ಕೊನೆಯ ಹಾಳೆ ಅಂಟಿದ ಕ್ಷಣದಲ್ಲಿ ರೆಕ್ಕೆ ಹೇಗಿತ್ತೋ ಹಾಗೇ ಉಳಿಯುತ್ತದೆ. ಆದ್ದರಿಂದ ರೆಕ್ಕೆಯನ್ನು ಸಮತಟ್ಟಾದ ಹಲಗೆಗೆ ಪಿನ್ ಮಾಡಿ, ವಾಷ್‌ಔಟ್ (ತುದಿಯ ಹಿಂದಂಚು ಮೇಲೇಳುವಂಥ ತಿರುಚು) ಕೊಟ್ಟ ಮೇಲೆಯೇ ಆ ಹಾಳೆ ಅಂಟಿಸಬೇಕು. ತುದಿಯ ಅಗಲ 130 ಮಿ.ಮೀ. ಇದ್ದು 2 ಡಿಗ್ರಿ ಬೇಕೆಂದರೆ, ಅಲ್ಲಿ ಟ್ರೇಲಿಂಗ್ ಎಡ್ಜ್ (ಹಿಂದಂಚು) ಅಡಿಗೆ ನಾಲ್ಕೂವರೆ ಮಿ.ಮೀ. ತುಂಡು ಇಡಿ. ಬುಡದ ಕಡೆಗೆ ಅದು ಇಳಿಯುತ್ತಾ ಸೊನ್ನೆಯಾಗಲಿ. ಎಡಕ್ಕೂ ಬಲಕ್ಕೂ ಒಂದೇ ಅಳತೆಯ ತುಂಡು. ತುದಿ ಬುಡಕ್ಕಿಂತ ತಡವಾಗಿ ಸ್ಟಾಲ್ ಆಗಲಿ (ಎತ್ತುವ ಬಲ ಕಳೆದುಕೊಳ್ಳಲಿ) ಎಂದು ಇಷ್ಟೆಲ್ಲ. ನಿಧಾನವಾಗಿ ಥರ್ಮಲ್‌ನಲ್ಲಿ (ಮೇಲೇರುವ ಬಿಸಿ ಗಾಳಿಯಲ್ಲಿ) ಸುತ್ತುವಾಗ ಮಾಡೆಲ್ ಒಂದು ಬದಿಗೆ ಧಡಕ್ಕನೆ ಮಗುಚುವುದು ತಪ್ಪುತ್ತದೆ.

ಫಿಲ್ಮ್ ಹಾಕುವ ಮೊದಲು ಹೊರೆ ಪರೀಕ್ಷೆ ಮಾಡಿ. ಇದನ್ನು ಬಿಡಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಎರಡೂ ಅರ್ಧ ಜೋಡಿಸಿ, ಬುಡದಿಂದ 42 ಸೆಂ.ಮೀ. ದೂರದಲ್ಲಿ ಎರಡೂ ಕಡೆ ಸ್ಪಂಜ್ ಸುತ್ತಿದ ಆಧಾರ ಕೊಡಿ. ಆಧಾರ ರಿಬ್ ಮತ್ತು ಸ್ಪಾರ್ ಸೇರುವ ಕಡೆಯೇ ಇರಲಿ. ಮಧ್ಯಕ್ಕೆ ಮರಳಿನ ಚೀಲ ಇಡಿ. ಒಂದೊಂದೇ ಕೆಜಿ ಏರಿಸುತ್ತಾ 9ಕ್ಕೆ ಹೋಗಿ. ಚಿಟ್ ಅಂತ ಸದ್ದು ಬಂದರೆ ಅಲ್ಲಿಗೆ ನಿಲ್ಲಿಸಿ ಅಂಟು ಬಿಟ್ಟ ಜಾಗ ಹುಡುಕಿ. ಫಿಲ್ಮ್ ಹಾಕಿದ ಮೇಲೆ ಹುಡುಕುವುದು ತುಂಬಾ ಕಷ್ಟ.

ಇನ್ನು ಏಲರಾನ್, ಅಂದರೆ ರೆಕ್ಕೆಯ ಹಿಂದಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ. ಬಾಲದ ರಡ್ಡರ್-ಎಲಿವೇಟರ್‌ನಿಂದಲೇ ನಡೆಯುವ ಗ್ಲೈಡರ್‌ಗೆ ಏಲರಾನ್ ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ವಾ? ನಿಧಾನ ಥರ್ಮಲ್ ಹಾರಾಟವೇ ಇಷ್ಟವಾದರೆ ಹಾಕಬೇಡಿ, ಡೈಹೆಡ್ರಲ್ (ರೆಕ್ಕೆ ತುದಿಯ ಕಡೆಗೆ ಮೇಲೇರುವ ಕೋನ) ಜೊತೆ ರಡ್ಡರ್ ಸೊಗಸಾಗಿ ತಿರುಗಿಸುತ್ತದೆ. ಗುಡ್ಡದ ಗಾಳಿಯಲ್ಲಿ ಹಾರಿಸುವವರಿಗೆ ಮಾತ್ರ ಅದು ನಿಜಕ್ಕೂ ಬೇಕು. ಹಾಕುವುದಾದರೆ ಡೈಹೆಡ್ರಲ್ ಅನ್ನು ಬದಿಗೆ 2 ಡಿಗ್ರಿ ಸುತ್ತಮುತ್ತ ಇಳಿಸಿ. ಒಂದು ಮೀಟರಿನ ಅರ್ಧ ರೆಕ್ಕೆಗೆ ತುದಿ 35 ಮಿ.ಮೀ. ಏರಿದರೆ ಅಷ್ಟಾಯಿತು. ಏಲರಾನ್ ಅಗಲ ರೆಕ್ಕೆಯ ಅಗಲದ ಕಾಲುಭಾಗಕ್ಕಿಂತ ಜಾಸ್ತಿ ಬೇಡ. ಕತ್ತರಿಸುವ ಗೆರೆಯ ಎರಡೂ ಕಡೆ ಮೊದಲೇ ಬಾಲ್ಸಾ ಗೋಡೆ ಕಟ್ಟಿ, ಆಮೇಲೆ ಬ್ಲೇಡ್ ಇಡಿ. ಹಿಂಜ್ ಮೇಲ್ಗಡೆ ಇರಲಿ, ಸಂದಿಯನ್ನು ಟೇಪಿನಿಂದ ಮುಚ್ಚಿ. ಮೇಲಕ್ಕೆ ಹೋಗುವಷ್ಟರ ಅರ್ಧ ಮಾತ್ರ ಕೆಳಕ್ಕೆ ಹೋಗುವಂತೆ ಟ್ರಾನ್ಸ್‌ಮಿಟರ್‌ನಲ್ಲಿ ಡಿಫರೆನ್ಷಿಯಲ್ ಕೊಡಿ. ಕೆಳಗಿಳಿದ ಏಲರಾನ್ ಹೆಚ್ಚು ಡ್ರ್ಯಾಗ್ (ಗಾಳಿಯ ತಡೆ) ಮಾಡಿ ಮೂತಿಯನ್ನು ಉಲ್ಟಾ ದಿಕ್ಕಿಗೆ ಎಳೆಯುತ್ತದೆ, ಅದಕ್ಕೆ. ಏಲರಾನ್ ಆಡಿಸುವ ಸರ್ವೊ ಮೋಟಾರನ್ನು ಸ್ಪಾರ್ ಹಿಂದೆ, ಎರಡು ರಿಬ್ ನಡುವೆ ಕೂರಿಸಿ. ಸ್ಪಾರ್‌ನಲ್ಲಿ ಮಾತ್ರ ಎಷ್ಟೇ ಸಣ್ಣ ಗುಂಡಿಯನ್ನೂ ತೋಡಬೇಡಿ.

ಫಿಲ್ಮ್ ಬಿಗಿ ಮಾಡುವಾಗ ಒಂದೇ ಬದಿಯನ್ನು ಪೂರ್ತಿ ಕಾಯಿಸಬೇಡಿ. ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ. ನಡುನಡುವೆ ಹಿಂದಿನಿಂದ ಕಣ್ಣಿಟ್ಟು ನೋಡಿ, ಎರಡೂ ತುದಿಯ ಟ್ರೇಲಿಂಗ್ ಎಡ್ಜ್ ಒಂದೇ ಪ್ರಮಾಣದಲ್ಲಿ ಎದ್ದಿರಬೇಕು. ಡಿ-ಬಾಕ್ಸ್ ಇಲ್ಲದ ರೆಕ್ಕೆಯಾದರೆ ಕೈಯಿಂದ ಬೇಕಾದಷ್ಟು ತಿರುಚಿ ಹಿಡಿದು ಕಾಯಿಸಿ, ತಣ್ಣಗಾಗುವವರೆಗೆ ಬಿಡಬೇಡಿ. ಕೊನೆಗೆ ಎರಡೂ ಅರ್ಧ ತೂಗಿ, ಹಗುರವಾದ ತುದಿಗೆ ತೂಕ ಸೇರಿಸಿ. ಬ್ಯಾಲೆನ್ಸ್ ಬಿಂದು ಮುಂದಂಚಿನಿಂದ ಸರಾಸರಿ ಅಗಲದ 30–33 ಶೇಕಡಾದಲ್ಲಿ ಬಂದರೆ ಮೊದಲ ಕೈ ಎಸೆತಕ್ಕೆ ಹೊರಡಬಹುದು.