ಮೊದಲು ಮೈ, ಆಮೇಲೆ ಮುಖ: ಪಟ ಬರೆದ ನನ್ನ ಅನುಭವ

ನಮ್ಮ ದೆವ್ವದ ಮನೆಯ ವೆಬ್ ಸೀರೀಸ್‌ಗೆ ಮನೆತನದ ಹಿರಿಯನ ಪಟ ಬೇಕಿತ್ತು. ನಟ ಇನ್ನೂ ಗೊತ್ತಾಗಿರಲಿಲ್ಲ. ಮೈ ಈಗ ಬರೆಯುತ್ತೇನೆ, ಮುಖ ಆಮೇಲೆ ಅಂದೆ. ಎಲ್ಲರೂ ನಕ್ಕರು. ಸುಮ್ನೆ ಫೋಟೋ ಪ್ರಿಂಟ್ ಹಾಕಿಸಿ ಸಾರ್ ಅಂದರು. ಹಾಕಿಸಿಯೂ ನೋಡಿದರು. ಲೈಟ್ ಬಿದ್ದ ಕೂಡಲೇ ಚುನಾವಣೆ ಬ್ಯಾನರ್ ತರ ಹೊಳೆಯಿತು.

ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ 1966ರಿಂದ 1971ರವರೆಗೆ ಬಂದ ‘ಡಾರ್ಕ್ ಶ್ಯಾಡೋಸ್’ ಸೀರಿಯಲ್‌ನಲ್ಲಿ ರಕ್ತಪಿಶಾಚಿ ಬಾರ್ನಬಸ್ ಕಾಲಿನ್ಸ್‌ನ ಪಟ ಹೀಗೇ ಆದದ್ದು. ಆ ಪಾತ್ರಕ್ಕೆ ನಟ ಜೋನಾಥನ್ ಫ್ರಿಡ್ ಆಯ್ಕೆಯಾದ ಮೇಲೆಯೇ ಮುಖ ತುಂಬಿದರು. ಕಥೆಯಲ್ಲಿ ಅವನು ಕಾಲಿನ್ಸ್ ಮನೆತನದ ಬಂಗಲೆಗೆ ಬಂದು, ಇಂಗ್ಲೆಂಡಿನ ದಾಯಾದಿ ನಾನು ಅನ್ನುತ್ತಾನೆ. ಗೋಡೆಯ ಮೇಲೂ ಅದೇ ಮುಖ, ಅವನದೇ ಹಳೇ ಪಟ. ಹೋಲಿಕೆ ನೋಡಿಯೇ ಮನೆಯವರು ನಂಬುತ್ತಾರೆ. ಅವನನ್ನು ಹಿಡಿದುಕೊಡಬೇಕಾದ ಪಟವೇ ಜಾಮೀನು ಕೊಟ್ಟ ಹಾಗಾಯಿತು, ಅಲ್ವಾ? ಹೋಲಿಕೆ ಒಂಚೂರು ತಪ್ಪಿದ್ದರೂ ಕಥೆ ಅಲ್ಲೇ ಮುಗಿಯುತ್ತಿತ್ತು.

ನಾನು ಲೈಟ್ ಹುಡುಗನಿಗೆ ಕೋಟು, ಶಾಲು ಹಾಕಿಸಿ ಮೈ ಬರೆದೆ, ಅಕ್ರಿಲಿಕ್‌ನಲ್ಲಿ. ಆಮೇಲೆ ಸಿಕ್ಕ ನಟನ ಕತ್ತು ಎರಡು ಪಟ್ಟು ದಪ್ಪ! ಶಾಲನ್ನು ಮೇಲಕ್ಕೆ ಏರಿಸಿ ಜೋಡಣೆ ಮುಚ್ಚಿದೆ. ಬೆರಳಿನ ಕೆಂಪು ಹರಳಿನ ಉಂಗುರಕ್ಕೆ ಒಂದಿಡೀ ಸಂಜೆ ಹೋಯಿತು. ಶೂಟಿಂಗ್‌ನಲ್ಲಿ ನಟ ಅದನ್ನೇ ತೊಟ್ಟ. ಪಟದ ಉಂಗುರದಿಂದ ಕ್ಯಾಮೆರಾ ಅವನ ಕೈಗೆ ಇಳಿದರೆ ಸಾಕು, ಡೈಲಾಗೇ ಬೇಡ.

ಖರ್ಚು? ಕ್ಯಾನ್ವಾಸ್, ಬಣ್ಣ ಸೇರಿ ಸುಮಾರು 3 ಸಾವಿರ. ಗುಜರಿಯಿಂದ ತಂದ ಫ್ರೇಮು, ಅದರ ರಿಪೇರಿ ಇನ್ನೊಂದು 4 ಸಾವಿರ. ಹೊಳಪಿನ ವಾರ್ನಿಶ್ ಬೇಡವೇ ಬೇಡ ಅಂದಿದ್ದೆ. ನಿರ್ದೇಶಕರು ಕೇಳಲಿಲ್ಲ. ಮಾನಿಟರ್‌ನಲ್ಲಿ ಮುಖದ ಬದಲು ಸಾಫ್ಟ್‌ಬಾಕ್ಸ್ ಲೈಟಿನ ಪ್ರತಿಬಿಂಬ ಕಂಡಿತು. ಮತ್ತೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ತರಿಸಿದರು, ದುಡ್ಡು ದಂಡ.

ನಡುವೆ ಇನ್ನೊಂದು ಹುಚ್ಚು. ಅದೇ ‘ಡಾರ್ಕ್ ಶ್ಯಾಡೋಸ್’ನಲ್ಲಿ ಮಾಟಗಾತಿ ಆಂಜೆಲಿಕ್‌ಳ ಪಟಕ್ಕೆ ಚಿತ್ರಕಾರ ಸ್ಯಾಮ್ ಇವಾನ್ಸ್ ಸುಕ್ಕು ಬರೆದರೆ, ಅವಳೇ ಮುದುಕಿಯಾಗುತ್ತಾಳೆ. ಅದರಲ್ಲೇ ಕ್ವೆಂಟಿನ್ ಎಂಬ ಇನ್ನೊಂದು ಪಾತ್ರದ್ದು ಉಲ್ಟಾ: ಪಟ ಮುದಿಯಾಗುತ್ತದೆ, ಅವನಲ್ಲ. ನಾನೂ ವಾರ್ನಿಶ್ ಮೇಲೆ ಪೋಸ್ಟರ್ ಬಣ್ಣದಲ್ಲಿ ಸುಕ್ಕು ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದೆ. ಚೆನ್ನಾಗಿ ಬಂತು. ಆದರೆ ನಮ್ಮ ಕಥೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಕಣ್ಣಿಗೆ ಎಲ್‌ಇಡಿ ಇಡಿ ಅಂದವರೇ ಈಗ, ಅದು ಎಲ್ಲಿ ನಿಂತರೂ ನಮ್ಮನ್ನೇ ನೋಡುತ್ತದಲ್ಲ, ಏನು ಮಾಡಿದಿರಿ ಅಂತ ಕೇಳುತ್ತಾರೆ. ಅದನ್ನು ಹೇಳುವುದಿಲ್ಲ. ಎರಡನೇ ಸೀಸನ್‌ಗೆ ಅಜ್ಜಿಯ ಪಟವೂ ಬೇಕಂತೆ. ರೇಟು ಜಾಸ್ತಿ ಮಾಡಿದ್ದೇನೆ.